ಒಂದೇ ಸಲ ಬಂದ ಸ್ವರ

ನೀವು ಎಂದಾದರೂ ಒಂದು ಸ್ವರವನ್ನು ಕೊಂದಿದ್ದೀರಾ? ನಾನು ಕಳೆದ ಭಾನುವಾರ ಕೊಂದೆ. ಒಲೆಯ ಮೇಲೆ ಗಂಜಿ ಕುದಿಯುತ್ತಿದ್ದಾಗ, ಹಾಡಹಗಲೇ.

ನನ್ನ ತಮ್ಮ ದಿನೇಶ ಉಪ್ಪಳದ ಒಂದು ತುಳು ನಾಟಕ ತಂಡಕ್ಕೆ ಕೀಬೋರ್ಡ್ ನುಡಿಸುತ್ತಾನೆ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಟೈಲರಕ್ಕನ ಬರಹವನ್ನು ಪ್ರತಿ ವಾರ ತಿದ್ದಿ ಪೇಪರಿಗೆ ಕಳಿಸುವವನೂ ಅವನೇ.) ಮಸ್ಕತ್‌ನಿಂದ ಬರುವಾಗ ಉಳಿದವರು ಸೆಂಟು, ಟಾರ್ಚು ತಂದರೆ ಇವನು ತಂದದ್ದು ಅಂಗೈಯಷ್ಟಗಲದ ಒಂದು ಕಂಪ್ಯೂಟರ್. ಅದಕ್ಕೊಂದು ಪ್ಲಾಸ್ಟಿಕ್ ಕಡ್ಡಿ.

ಅದನ್ನು ವಯರಿನಿಂದ ಕೀಬೋರ್ಡಿಗೆ ಸಿಕ್ಕಿಸಿ, ಪರದೆಯ ಬಲಮೂಲೆಗೆ ಕಡ್ಡಿ ಒತ್ತಬೇಕು. ಕಂಪ್ಯೂಟರ್ ತನಗೆ ತೋಚಿದಂತೆ ಕಲಸಿ ಒಂದು ಹೊಸ ಸ್ವರ ಕೊಡುತ್ತದೆ; ಕೀಬೋರ್ಡಿನ ಕೀಲಿ ಅದುಮಿದರೆ ಕೇಳುತ್ತದೆ. ಒಮ್ಮೆ ತಗಡು ಕೆರೆದ ಹಾಗೆ, ಒಮ್ಮೆ ಕಪ್ಪೆ ಕೆಮ್ಮಿದ ಹಾಗೆ. ಇಷ್ಟವಾದರೆ ಎಡಮೂಲೆ ಒತ್ತಿ ಸೇವ್ ಮಾಡಬೇಕು. ಮಾಡುವ ಮೊದಲೇ ಕೀಬೋರ್ಡಿನ ಕರೆಂಟ್ ಹೋಯಿತೋ, ಇಲ್ಲ ಮತ್ತೆ ಬಲಮೂಲೆ ಒತ್ತಿದಿರೋ, ಹೋಯಿತು. ಆ ಸ್ವರ ಇನ್ನು ಈ ಜನ್ಮದಲ್ಲಿಲ್ಲ.

ಹೊಸ ನಾಟಕದಲ್ಲಿ ಸತ್ತ ತಾಯಿ ಮಗನ ಕನಸಿಗೆ ಬರುವ ಸೀನ್ ಇದೆ. ಅದಕ್ಕೊಂದು ಸ್ವರ ಹುಡುಕಿ ತಮ್ಮ ಸೋತಿದ್ದ. ಕೊಳಲು ಬೇಡ, ವಯಲಿನ್ ಬೇಡ. "ಅಮ್ಮ ಬಂದ ಹಾಗೇ ಆಗ್ಬೇಕು ಅಕ್ಕ" ಎನ್ನುತ್ತಿದ್ದ. ನಮ್ಮ ಅಮ್ಮ ತೀರಿಹೋದಾಗ ಅವನು ಮಸ್ಕತ್‌ನಲ್ಲಿದ್ದ. ಮುಖ ನೋಡಲು ಸಿಗಲಿಲ್ಲ.

ಭಾನುವಾರ ಕಡ್ಡಿ ನನ್ನ ಕೈಗೆ ಕೊಟ್ಟ.

"ನಾನು ಸ್ನಾನ ಮಾಡಿ ಬರ್ತೇನೆ. ನೀನು ಒತ್ತುತ್ತಾ ಇರು. ಒಳ್ಳೇದು ಬಂದ್ರೆ ಸೇವ್ ಮಾಡು ಮಾರಾಯ್ತಿ, ಬಾಯಿ ಬಿಟ್ಟುಕೊಂಡು ಕೂರ್ಬೇಡ."

ಒತ್ತಿದೆ. ತಗಡು. ಕಪ್ಪೆ. ಮತ್ತೆ ತಗಡು.

ಆಮೇಲೆ ಅದು ಬಂತು.

ಕೊಡಪಾನ ತುಂಬುತ್ತಾ ಬಂದಂತೆ ಅದರ ಬಾಯಿಯ ಸದ್ದು ಮೆಲ್ಲಗೆ ಮೇಲೇರುತ್ತದಲ್ಲ, ಹಾಗೆ. ನೀರಿಲ್ಲ, ಕೊಡವಿಲ್ಲ, ಆ ಏರಿಕೆ ಮಾತ್ರ. ಅಂಗಳದ ಬಿಸಿಲು ಒಮ್ಮೆ ತೆಳ್ಳಗಾಯಿತು. ಬಾವಿಕಟ್ಟೆಯಿಂದ ಒದ್ದೆ ಸೆರಗಿನ ಒಬ್ಬಳು ಇತ್ತ ತಿರುಗಿದ ಹಾಗೆ. ಕೀಲಿಯಿಂದ ಬೆರಳು ತೆಗೆಯಲೇ ಮನಸ್ಸಾಗಲಿಲ್ಲ.

ಮತ್ತೆ ನಾನೇನು ಮಾಡಿದೆ? ಇದೇ ಇಷ್ಟು ಚೆಂದವಾದರೆ ಮುಂದಿನದು ಹೇಗಿರಬಹುದು ಎಂದುಕೊಂಡು ಬಲಮೂಲೆ ಒತ್ತಿದೆ.

ಕಪ್ಪೆ ಕೆಮ್ಮಿತು.

(ನಗಬೇಡಿ. ರಿಮೋಟ್ ಹಿಡಿದು ಇಷ್ಟದ ಹಾಡನ್ನೂ ದಾಟಿ ಹೋಗುವವರು ನೀವಲ್ಲವೇ? ಮನಸ್ಸಿಗೆ ಹಿಡಿದ ಸೀರೆಯನ್ನು ಬದಿಗೆ ಸರಿಸಿ "ಬೇರೆ ತೋರಿಸಿ" ಎನ್ನುವವರು?)

ತಮ್ಮ ಸೋಪಿನ ನೊರೆಯಲ್ಲೇ ಓಡಿ ಬಂದ. "ಅಕ್ಕಾ, ಅದೇ! ಸೇವ್ ಮಾಡಿದಿಯಲ್ಲ?"

"ಇಲ್ಲ ಮಾರಾಯ. ಕರೆಂಟ್ ಹೋಗಿ ಬಂತು. ಅದರೊಟ್ಟಿಗೆ ಅದೂ ಹೋಯ್ತು."

ಕರೆಂಟ್ ಹೋಗಿರಲಿಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಆದರೆ ಕರೆಂಟಿನ ಮೇಲೆ ಏನು ಹೊರಿಸಿದರೂ ನಮ್ಮೂರಲ್ಲಿ ಯಾರು ನಂಬುವುದಿಲ್ಲ?

"ಹಾಳು ಕರೆಂಟು" ಎಂದು ತಮ್ಮ ನೀರಿಳಿಸುತ್ತಾ ನೆಲದ ಮೇಲೇ ಕೂತ. ಕಣ್ಣಿಗಿಳಿದ ನೊರೆ ಒರೆಸಿಕೊಂಡು, "ನನಗೆ ಬಚ್ಚಲಿಂದ ಅರ್ಧ ಕೇಳಿದ್ದು. ನೀನಾದ್ರೂ ಪೂರ್ತಿ ಕೇಳಿದಿಯಲ್ಲ, ಪುಣ್ಯವಂತೆ" ಎಂದ.

ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಒಂದು ದೊಡ್ಡ ಬ್ಯಾಟರಿ ಹೊತ್ತು ತಂದ, ಕರೆಂಟ್ ಹೋದರೂ ಸ್ವರ ಹೋಗಬಾರದೆಂದು. ಈಗ ದಿನವೂ ಒತ್ತುತ್ತಾನೆ. "ಹೀಗಿತ್ತಾ ಅಕ್ಕ?" ಎಂದು ಕೇಳುತ್ತಾನೆ. ಹೊಲಿಗೆ ಮಿಷನ್ ತುಳಿಯುತ್ತಾ, ತಲೆ ಎತ್ತದೆ, ಅಲ್ಲ ಎನ್ನುತ್ತೇನೆ.

ತಿದ್ದಲು ಈ ಬರಹವನ್ನೂ ಅವನ ಕೈಗೇ ಕೊಡಬೇಕಲ್ಲ, ಹೇಗೆ ಕೊಡಲಿ?