ಎಡಗಡೆಯ ಏಣಿ

ಬೆಳಕು ಹರಿಯುವ ಹೊತ್ತಿಗೆ ಹಲ್ಲಕ್ಕ ವಸ್ತುಗಳನ್ನೇ ಅಚ್ಚು ತೆಗೆಯುವ ತ್ರೀಡಿ ಪ್ರಿಂಟರಿನ ಮುಚ್ಚಳ ಎತ್ತುತ್ತಾರೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದೆ. ಬಿಸಿಲು ತಾಗಿದರೆ ಒಳಗಿನ ರೆಸಿನ್ ದ್ರವ ಕಲ್ಲಾಗಿಬಿಡುತ್ತದೆ. ತಲೆಕೆಳಗಾಗಿ ನೇತಾಡುವ ಬೂದುಬಣ್ಣದ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒಂದನ್ನು ಚಿಮುಟದಲ್ಲಿ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿಯುತ್ತಾರೆ. ಅದೊಂದು ಏಣಿ. ಉದ್ದ ಅಕ್ಕಿಕಾಳಿನಷ್ಟು.

“ಜೋರಾಗಿ ಉಸಿರು ಬಿಡ್ಬೇಡಿ, ಹಾರಿಹೋಗುತ್ತೆ,” ಎಂದು ನೋಡಲು ಬಂದವರನ್ನು ಎಚ್ಚರಿಸುತ್ತಾರೆ.

ಯುದ್ಧನೌಕೆಗಳ ಪುಟ್ಟ ಮಾದರಿ ಕಟ್ಟುವ ಹವ್ಯಾಸಿಗಳು ಊರೂರಲ್ಲಿದ್ದಾರೆ. ಅಂಗಡಿಯ ಮಾದರಿ ಪೆಟ್ಟಿಗೆಯಲ್ಲಿ ಬರುವ ಫಿರಂಗಿ, ದೋಣಿ, ಏಣಿಗಳು ಒರಟು. ಅವನ್ನು ತೆಗೆದು ನಯವಾದವನ್ನು ಕೂರಿಸಬೇಕು ಎನ್ನುವವರು ಹಲ್ಲಕ್ಕನಿಗೆ ಬರೆಯುತ್ತಾರೆ. ದಿನಕ್ಕೆ ನಲವತ್ತು ಏಣಿ, ಹನ್ನೆರಡು ದೋಣಿ. ಮೂರರಲ್ಲೊಂದು ಮುರಿದು ಕಸದ ಬುಟ್ಟಿಗೆ.

ಇಪ್ಪತ್ತೆರಡು ವರ್ಷ ಕಟ್ಟುಹಲ್ಲು ಮಾಡುವ ಕಡೆ ದುಡಿದವರು. ಹೆಸರು ಅಂಟಿದ್ದೂ ಅಲ್ಲೇ. ಅದು ಬಾಗಿಲು ಹಾಕಿದಾಗ ಅಲ್ಲಿ ಹಲ್ಲಿನ ಅಚ್ಚು ತೆಗೆಯುತ್ತಿದ್ದ ಹಳೆಯ ಪ್ರಿಂಟರನ್ನು ಮನೆಗೆ ತಂದರು. ರೆಸಿನ್ ತಾಗಿ ಬೆರಳು ಸುಲಿದಿವೆ. ಈಗ ಒಂದರ ಮೇಲೊಂದು ಎರಡು ಕೈಗವಸು.

“ಮೊದ್ಲು ಮನುಷ್ಯರಿಗೆ ಹಲ್ಲು ಕಟ್ತಿದ್ಲು, ಈಗ ಇರುವೆಗಳಿಗೆ ಹಡಗು ಕಟ್ತಾಳೆ. ನನ್ನ ದವಡೆ ಮಾತ್ರ ಹಾಗೇ ಬೋಳು,” ಎಂದು ಒಳಗಿನಿಂದ ಅತ್ತೆ ಕೂಗುತ್ತಾರೆ.

ಹೋದ ತಿಂಗಳು ವಯಸ್ಸಾದವರೊಬ್ಬರು ಹಲ್ಲಕ್ಕನ ಏಣಿಗಳನ್ನು ಕೂರಿಸಿದ್ದ ತಮ್ಮ ಮಾದರಿ ಹಡಗನ್ನು ಹೊತ್ತು ತಂದರು. ಅದರ ಅಸಲಿ ಹಡಗಿನಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದವರು. ಹಡಗನ್ನು ಎಂದೋ ಒಡೆದು ಗುಜರಿಗೆ ಹಾಕಿದ್ದಾರೆ. ಅವರ ಕಣ್ಣೂ ಮಂಜಾಗುತ್ತಿವೆ. ಪೂರಾ ಕತ್ತಲಾಗುವ ಮೊದಲು ತಮ್ಮ ಹಡಗನ್ನು ಇದ್ದ ಹಾಗೇ ಒಮ್ಮೆ ನೋಡಬೇಕೆಂಬುದು ಅವರ ಆಸೆ.

“ಏನಮ್ಮಾ ಇದು? ಬಲಗಡೆ ಏಣಿ ಹಡಗಿನ ಮುಂದಕ್ಕೆ ಹತ್ತುತ್ತೆ, ಸರಿ. ಎಡಗಡೇದು ಹಿಂದಕ್ಕೆ ಹತ್ತಬೇಕು. ನೀನು ಇಟ್ಟ ಹಾಗೆ ಹತ್ತಿದ್ರೆ ನಾನು ಬಿಸಿ ಪಾತ್ರೆ ಸಮೇತ ಹೊಗೆಕೊಳವೆಗೆ ಡಿಕ್ಕಿ!”

ಹಲ್ಲಕ್ಕ ಬಲಗಡೆಯದನ್ನಷ್ಟೇ ಬರೆದು, ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ಮಗುಚಿ ಎಡಗಡೆಗೆ ಇಟ್ಟಿದ್ದರು. ಈ ಕೆಲಸದಲ್ಲಿ ಎಲ್ಲರೂ ಮಾಡುವುದು ಹಾಗೇ. ಅರ್ಧ ಹಡಗು ಬರೆದರೆ ಉಳಿದರ್ಧ ಪುಕ್ಕಟೆ. ಏಣಿ ಮತ್ತು ಅದು ಸೇರುವ ಮೇಲಿನ ಕಟ್ಟೆ ಒಂದೇ ತುಂಡಾದ್ದರಿಂದ ತಿರುಗಿಸಿ ಅಂಟಿಸುವಂತೆಯೂ ಇಲ್ಲ.

ಆ ಹಡಗಿನ ನಕ್ಷೆ ಎಲ್ಲೂ ಸಿಗಲಿಲ್ಲ. ಅಡುಗೆಯವರು ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೈಯಲ್ಲಿ ಪಾತ್ರೆ ಇದ್ದಂತೆ ನಡೆದು ತೋರಿಸಿದರು. “ಅವರ ಕಾಲಿಗೆ ನೆನಪಿತ್ತು. ಕಾಲು ಹೇಳಿದ್ದನ್ನ ನಾನು ಬರ್ಕೊಂಡೆ,” ಎನ್ನುತ್ತಾರೆ ಹಲ್ಲಕ್ಕ. ಮೂರು ಸಲ ಅಚ್ಚು ತೆಗೆದ ಏಣಿ ಸೀಳಿಹೋಯಿತು. ಇವತ್ತು ಬಂದಿರುವುದು ನಾಲ್ಕನೆಯದು.

ಹತ್ತು ಗಂಟೆಗೆ ಅಡುಗೆಯವರು ಬರುತ್ತಾರೆ. ಏಣಿಯನ್ನು ಹಡಗಿಗೆ ಕೂರಿಸಿದ ಮೇಲೆ ಭೂತಗನ್ನಡಿಗೆ ಮುಖ ಒತ್ತಿ ನೋಡುತ್ತಾರೆ.

“ಹೂಂ... ಇಲ್ಲೇ ತಲೆ ಬಗ್ಗಿಸ್ತಿದ್ದೆ,” ಎನ್ನುತ್ತಾರೆ. ಮತ್ತೆ ಬಗ್ಗಿ ನೋಡುತ್ತಾರೆ.

ಅವರು ಹೋದ ಮೇಲೂ ಹಲ್ಲಕ್ಕ ಅದೇ ಏಣಿಯನ್ನು ಪ್ರಿಂಟರಿಗೆ ಹಾಕುತ್ತಾರೆ. ತಪ್ಪು ಏಣಿ ಈಗಾಗಲೇ ಅದೇ ಹಡಗು ಕಟ್ಟುವವರ ಇಪ್ಪತ್ತಾರು ಮನೆ ಸೇರಿದೆ. ಎಲ್ಲರಿಗೂ ಹೊಸದು ಹೋಗಬೇಕು.

“ಯಾರಾದ್ರೂ ಬೇಕು ಅಂತ ಕೇಳಿದ್ರಾ?” ಎಂದು ಗಂಡ ಕೇಳುತ್ತಾರೆ.

“ಕೇಳೋಕೆ ಅವರ್ಯಾರೂ ಆ ಏಣಿ ಹತ್ತಿಲ್ವಲ್ಲ, ತಪ್ಪು ಗೊತ್ತಾಗೋದು ಹೇಗೆ? ಅದಕ್ಕೇ ಕಳಿಸ್ಬೇಕು,” ಎಂದು ಹಲ್ಲಕ್ಕ ಕೈಗವಸು ಏರಿಸುತ್ತಾರೆ.