ಸೋಫಾದಕ್ಕ ಕಂಟೇನರ್ ನೋಡಲು ಹೋದದ್ದು

ಬೀದಿಯವರೆಲ್ಲ ಅವಳನ್ನು ಸೋಫಾದಕ್ಕ ಅಂತಲೇ ಕರೆಯುವುದು. ಕರೆಯುವವರಿಗೇನು ಗೊತ್ತು, ಮದುವೆಯಾಗಿ ಬಂದ ಮೇಲೆ ಅವಳು ಒಂದೇ ಒಂದು ಸೋಫಾದ ಮೇಲೂ ನೆಮ್ಮದಿಯಾಗಿ ಕೂತವಳಲ್ಲ. ಗಂಡನದು ಸೋಫಾ ರಿಪೇರಿ ಕೆಲಸ. ಬಟ್ಟೆ ಹರಿದದ್ದು, ಸ್ಪ್ರಿಂಗ್ ಮೇಲೆದ್ದದ್ದು, ಕಾಲು ಮುರಿದದ್ದು, ಎಲ್ಲವೂ ಬಂದು ಬೀಳುವುದು ಇವರ ನಡುಮನೆಗೆ. ಡಾಕ್ಟರ ಸೋಫಾವನ್ನು ಸುತ್ತಿಕೊಂಡು, ಹೋಟೆಲಿನವರದ್ದನ್ನು ಹತ್ತಿಳಿದು, ಮೂಲೆಮನೆ ಅಜ್ಜಿಯದಕ್ಕೆ ಸೆರಗು ಸಿಕ್ಕಿಸಿಕೊಂಡು ಅವಳು ಅಡುಗೆಮನೆ ಸೇರಬೇಕು. ಗಂಡ ಹೆಂಡತಿ ಕೂರುವುದು, ಉಣ್ಣುವುದು ಎಲ್ಲ ಅಲ್ಲೇ, ಒಲೆಯ ಪಕ್ಕದ ನೆಲದ ಮೇಲೆ.

ಜಗಳ ಆಡೋಣವೆಂದರೆ ಅದಕ್ಕೂ ಯೋಗವಿಲ್ಲ. ಅವಳು “ಅಲ್ಲ ರೀ” ಅನ್ನುವಷ್ಟರಲ್ಲಿ ಯಜಮಾನರ ಕಾಲು ಚಪ್ಪಲಿಯೊಳಗೆ ಇರುತ್ತಿತ್ತು. ನೂಲು ಮುಗಿದಿದೆ, ತರಬೇಕು ಎಂದು ಹೊರಟರೆ ಅವಳ ಸಿಟ್ಟು ತಣ್ಣಗಾದ ಮೇಲೆಯೇ ವಾಪಸು. ಆ ಮನೆಯಲ್ಲಿ ಕೂಡಿಬಿದ್ದಿದ್ದ ನೂಲಿನಲ್ಲಿ ಇಡೀ ಬೀದಿಯನ್ನೇ ಸುತ್ತಿ ಕಟ್ಟಬಹುದಾಗಿತ್ತು.

ಹಾಗಿರುವಾಗ ಒಂದು ದಿನ ಯಜಮಾನರು ತಾವಾಗಿಯೇ, ಹಿತ್ತಲಿಗೆ ಹಳೇ ಕಂಟೇನರ್ ಒಂದನ್ನು ತಂದಿಡೋಣ ಎಂದರು. ಹಡಗಿನಲ್ಲಿ ಸರಕು ಹೊತ್ತು ಸವೆದ ಕಬ್ಬಿಣದ ಡಬ್ಬ. ಈಗ ಜನ ಅದರಲ್ಲಿ ಅಂಗಡಿ ಇಡುತ್ತಾರೆ, ಮನೆಯನ್ನೂ ಮಾಡುತ್ತಾರೆ. ಸೋಫಾದಕ್ಕನಿಗೆ ಕಿವಿಯಲ್ಲಿ ಹಾಲು ಹೊಯ್ದಂತಾಯಿತು. ಸೋಫಾಗಳು ಹಿತ್ತಲಿಗೆ, ನಡುಮನೆ ತನಗೆ! ಕಿಟಕಿಯ ಹತ್ತಿರ ಕುರ್ಚಿ ಎಲ್ಲಿಡಬೇಕು ಎಂಬುದನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡು ಅವಳು ಗಂಡನ ಜೊತೆ ಹೊರಟಳು.

ಹಳೇ ಕಂಟೇನರ್ ಮಾರುವ ಯಾರ್ಡಿನಲ್ಲಿ ಸಾಲುಸಾಲು ಡಬ್ಬಗಳು. ನೀಲಿ ಬಣ್ಣದ್ದೊಂದು ಇಬ್ಬರಿಗೂ ಹಿಡಿಸಿತು. ಯಜಮಾನರು ಹಲಗೆ ನೆಲದ ಮೇಲೆ ಅಡ್ಡಾಡುತ್ತ, ಮಂಚ ಇಲ್ಲಿ, ಒಲೆ ಅಲ್ಲಿ ಎಂದು ಕೈ ತೋರಿಸತೊಡಗಿದರು. ಸೋಫಾಗಳಿಗೆ ಒಲೆ ಯಾತಕ್ಕೆ ಎಂದು ಅವಳು ಕೇಳಿದಳು.

“ಸೋಫಾಗಳಿಗಲ್ಲ, ನಮಗೆ,” ಅಂದರು ಯಜಮಾನರು. “ಇದು ಬಿಸಿಲಿಗೆ ಕಾಯುತ್ತೆ. ಫೋಮ್ ಕೆಟ್ಟುಹೋಗುತ್ತೆ. ನಾವಾದ್ರೆ ಹೇಗೋ ಹೊಂದಿಕೊಳ್ತೀವಿ.”

ಅವಳು ಬಾಯಿ ತೆರೆಯುವುದಕ್ಕೂ ಯಾರ್ಡಿನವನು ಬರುವುದಕ್ಕೂ ಸರಿಹೋಯಿತು. ಕೊಳ್ಳುವ ಮೊದಲು ತೂತು ನೋಡಬೇಕಂತೆ. ಒಬ್ಬರು ಒಳಗಿದ್ದು ಬಾಗಿಲು ಹಾಕಿಸಿಕೊಂಡು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಸುತ್ತ ನೋಡಿದರೆ ಬೆಳಕು ಕಂಡ ಕಡೆಯೆಲ್ಲ ತೂತು, ಮಳೆ ಬಂದರೆ ಸೋರುವುದೂ ಅಲ್ಲೇ. ಅಗುಳಿ ಇರುವುದು ಹೊರಗಡೆ ಮಾತ್ರ, ಆದ್ದರಿಂದ ಇನ್ನೊಬ್ಬರು ಹೊರಗಿರಬೇಕು. ಇಷ್ಟು ಹೇಳಿ ಅವನು ಬೇರೆ ಗಿರಾಕಿಯ ಕಡೆ ಹೋದ. ಯಜಮಾನರಿಗೆ ಮಾತು ತಪ್ಪಿಸಿಕೊಳ್ಳಲು ಇದಕ್ಕಿಂತ ಬೇರೆ ಬೇಕೆ? ತಾವು ಒಳಗೇ ನಿಂತು, ಬಾಗಿಲು ಹಾಕು ಅಂದರು. ಅವಳು ಎಳೆದು ಹಾಕಿ ಅಗುಳಿ ಬೀಳಿಸಿದಳು.

ಬೀಳಿಸಿದ ಮೇಲೆ ಹೊಳೆಯಿತು. ಗಂಡನ ಕಾಲಲ್ಲಿ ಚಪ್ಪಲಿಯೇನೋ ಇದೆ, ಹೋಗಲು ದಾರಿಯಿಲ್ಲ.

“ಅಲ್ಲ ರೀ,” ಅಂದಳು. ಅಂದು, ಅಭ್ಯಾಸಬಲದಿಂದ ನಿಲ್ಲಿಸಿದಳು. ಅದರ ಮುಂದಿನ ಮಾತಿನವರೆಗೆ ಅವಳು ಯಾವತ್ತೂ ತಲುಪಿದವಳೇ ಅಲ್ಲ. ಸ್ವಲ್ಪ ಹುಡುಕಬೇಕಾಯಿತು. ಸಿಕ್ಕಿದ ಮೇಲೆ ಮಾತ್ರ ಕಟ್ಟೆಯೊಡೆದಂತೆ ಬಂತು. ಹೋಟೆಲಿನವರ ಸೋಫಾದ ಮೊಳೆಗೆ ಹರಿದ ಸೀರೆ, ಜ್ವರ ಬಂದಾಗಲೂ ಕಾಲು ಚಾಚಲು ಜಾಗವಿಲ್ಲದ್ದು, ಫೋಮಿಗಿರುವ ಬೆಲೆ ಹೆಂಡತಿಗಿಲ್ಲದ್ದು, ಒಂದನ್ನೂ ಬಿಡಲಿಲ್ಲ.

ಒಳಗಿನಿಂದ ಬಾಗಿಲು ಬಡಿದ ಸದ್ದಾಯಿತು. “ತೆಗಿಯೇ, ನೂಲು ತರಬೇಕು.”

“ಆಮೇಲೆ ತರೋಣ,” ಅಂದಳು. ಅವಳ ದನಿ ತಗ್ಗಿತು. “ನಮ್ಮಕ್ಕ ಅಷ್ಟು ದೂರದಿಂದ ಬಂದು ಕೂತ್ಕೊಂಡ ತಕ್ಷಣ, ಏಳಿ ಏಳಿ, ಅದು ಡಾಕ್ಟರದ್ದು ಅಂದ್ರಿ. ಅವಳು ನಿಂತೇ ನೀರು ಕುಡಿದು ಹೋದಳು. ಮತ್ತೆ ಬಂದಿಲ್ಲ. ನನಗಿರೋದು ಅವಳೊಬ್ಬಳೇ ರೀ.”

ಒಳಗೆ ಸದ್ದಿಲ್ಲ. ಆ ಸೆಕೆಗೆ ಏನಾದರೂ ಆಗಿಹೋಯಿತೋ ಏನೋ ಎಂದು ಎರಡೂ ಕೈಯಿಂದ ಅಗುಳಿ ಎಳೆದಳು. ಯಜಮಾನರು ಬೆವರಲ್ಲಿ ತೊಯ್ದು, ಹಲಗೆಯ ಮೇಲೆ ಕೂತಿದ್ದರು. ಬಾಗಿಲು ತೆರೆದರೂ ಏಳಲಿಲ್ಲ.

“ನಿಮ್ಮಕ್ಕ ಅದಕ್ಕೇ ಬರ್ತಿಲ್ವಾ?” ಅಂದರು. “ನಾನು ಮಂಡಿ ನೋವು ಅಂದ್ಕೊಂಡಿದ್ದೆ.”

ಆಮೇಲೆ ಮುಖ ಒರೆಸಿಕೊಂಡು, ಸೋಫಾಗಳೇ ಇಲ್ಲಿಗೆ ಬರಲಿ, ನೆರಳಿಗೆ ಮೇಲೊಂದು ತಗಡಿನ ಶೀಟು ಹೊದಿಸಿ ಎರಡು ಕಿಟಕಿ ಕೊರೆಸಿದರೆ ಫೋಮಿಗೇನೂ ಆಗುವುದಿಲ್ಲ ಎಂದರು. ಅಷ್ಟೊತ್ತು ಒಳಗೆ ಬೆಂದವರಿಗೆ ಆ ಡಬ್ಬದಲ್ಲಿ ಸಂಸಾರ ಹೂಡುವ ಆಸೆಯೂ ಉಳಿದಿರಲಿಲ್ಲ ಅನ್ನಿ.

ಅಷ್ಟರಲ್ಲಿ ಯಾರ್ಡಿನವನು ಬಂದು, ತೂತು ಎಲ್ಲೆಲ್ಲಿದೆ ಎಂದು ಕೇಳಿದ.

“ನೋಡ್ಲಿಲ್ಲ,” ಅಂದರು ಯಜಮಾನರು. “ಇವಳು ಮಾತಾಡ್ತಿದ್ಲು. ಕೇಳ್ತಾ ಇದ್ದೆ.”

ಯಾರ್ಡಿನವನು ನೋಡದಿರಲೆಂದು ಸೋಫಾದಕ್ಕ ಆ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬಾಗಿಲಿನ ಹಿಡಿಗೆ ಕೈ ಹಾಕಿದಳು.

“ಇನ್ನೊಂದು ಸಲ ಒಳಗಿರಿ,” ಅಂದಳು. “ಈ ಸಲ ನಾನು ಬಾಯಿ ಬಿಡಲ್ಲ.”