ಮುನವಳ್ಳಿಯ ರಾಚವ್ವ, ಸುರೇಬಾನದ ಗಂಗಾ

ಹೆಗಲಿಗೆ ಚೀಲ ಹಾಕಿಕೊಂಡು ಬಂದವರನ್ನು ರಾಚವ್ವ ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸುತ್ತಾಳೆ. ಮುನವಳ್ಳಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಅಂಥದ್ದರಲ್ಲಿ ಧಾರವಾಡದ ಕಾಲೇಜು ಮಾಸ್ತರ ಗುರುನಾಥ ಬಂದು, “ಸುರೇಬಾನದ ಗಂಗಾ ಅನ್ನಾವ್ರ ಮನಿ ಇದ ಏನ್ರಿ?” ಎಂದು ಕೇಳಿಬಿಟ್ಟ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳ ಕೈ ನಿಂತಿತು.

ಗಂಗಾ ಎಂದರೆ ಇವಳೇ. ಈ ಕಡೆ ಸೊಸೆ ಮನೆ ತುಂಬಿದಳೆಂದರೆ ಹೆಸರನ್ನೂ ಬದಲಿಸುತ್ತಾರೆ. ಮದುವೆಯ ಅಕ್ಕಿಕಾಳು ಬಿದ್ದ ದಿನವೇ ಗಂಗಾ ಹೋಗಿ ರಾಚವ್ವ ಆಗಿದ್ದಳು. ಕತೆ ಬರೆಯುವ ಚಟ ಮಾತ್ರ ಹೆಸರಿನ ಜೊತೆ ಹೋಗಲಿಲ್ಲ. ತವರೂರು ಸುರೇಬಾನಕ್ಕೆ ಹೋದಾಗಲೆಲ್ಲ ಬರೆದು ಅಣ್ಣನ ಕೈಯಲ್ಲಿ ವಾರಪತ್ರಿಕೆಗೆ ಕಳಿಸುತ್ತಿದ್ದಳು. ಕೆಳಗೆ ‘ಗಂಗಾ, ಸುರೇಬಾನ’ ಎಂದಿರುತ್ತಿತ್ತು. ಗಂಡನ ಮನೆಯವರಿಗೆ ಅದರ ವಾಸನೆಯೂ ಬಡಿದಿರಲಿಲ್ಲ.

ಸಿಕ್ಕಿಬಿದ್ದದ್ದು ಒಂದು ಕತೆಯಿಂದ. ಗಂಡಸರು ಉಂಡ ಮೇಲೆ ಅತ್ತೆ, ಅತ್ತೆ ಉಂಡ ಮೇಲೆ ಸೊಸೆಯರು ಎನ್ನುವ ಮನೆಯಲ್ಲಿ ಬಸುರಿಯೊಬ್ಬಳು ಜೋಳದ ಚೀಲಗಳ ಮರೆಗೆ ನಿಂತು ರೊಟ್ಟಿ ಕದ್ದು ತಿನ್ನುವ ಕತೆ. ಅವಳು ಎಡಗೈಯಲ್ಲಿ ರೊಟ್ಟಿ ಮುರಿದಳೆಂದು ಬರೆದು ಕೆಟ್ಟಳು ರಾಚವ್ವ. ಓಣಿಯಲ್ಲಿ ಎಡಗೈಯ ಸೊಸೆ ಎಂದರೆ ಒಬ್ಬಳೇ, ಇವಳ ಗಂಡನ ಅಣ್ಣನ ಹೆಂಡತಿ, ಹಿರಿಯ ನೆಗೆಣ್ಣಿ ಶಟ್ಟೆವ್ವ. ಯಾರೋ ಕಟ್ಟೆಯ ಮೇಲೆ ಕತೆ ಓದಿದರು, ಊರು ನಕ್ಕಿತು. ಶಟ್ಟೆವ್ವ ಒಂದು ಸುಗ್ಗಿ ಪೂರ್ತಿ ಮಾತು ಬಿಟ್ಟಳು. ರಾಚವ್ವ ಬರೆಯುವುದನ್ನೇ ಬಿಟ್ಟಳು.

ಈಗ ಇಬ್ಬರ ಗಂಡಂದಿರೂ ಇಲ್ಲ. ಒಬ್ಬಳಿಗೆ ಕೆಮ್ಮು ಬಂದರೆ ಇನ್ನೊಬ್ಬಳು ನೀರು ಕಾಸುತ್ತಾಳೆ. ಹೂತ ಹೆಣ ಅಗೆದಂತೆ ಆ ಕತೆಯನ್ನು ಮೇಲೆತ್ತಿದರೆ ಈ ನೆಗೆಣ್ಣಿ ಕೈಬಿಟ್ಟು ಹೋದಾಳೆಂದು ರಾಚವ್ವನಿಗೆ ಜೀವ ನಡುಗಿತು.

“ಗಂಗಾ ಸತ್ತು ಭಾಳ ವರ್ಷ ಆತು,” ಎಂದಳು.

“ಎಲ್ಲಿ ಸತ್ತರ್ರಿ?”

“ಇಲ್ಲೇ.”

ಮಾಸ್ತರ ಮೋರೆ ಸಣ್ಣದು ಮಾಡಿದ. “ಅಂಥಾ ಕತಿ ಬರದಾವ್ರನ್ನ ಎಲ್ಲಾರೂ ಮರತಾರ್ರಿ. ಕೂಡಿಸಿ ಪುಸ್ತಕ ಮಾಡಬೇಕಂತ ಹೊಂಟೇನಿ.”

“ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಎಲ್ಲಿಂದ ಬಂತ್ರಿ? ಈ ಮನಿ ತೋರಿಸಿದಾವ್ರು ಯಾರು?”

ಅವನು ಅವಳ ಹೆಗಲ ಮೇಲಿಂದ ಪಡಸಾಲೆಯತ್ತ ನೋಡಿ, ತಟ್ಟನೆ ಕಣ್ಣು ಇಳಿಸಿದ. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ರಾಚವ್ವ ಆ ನೋಟವನ್ನು ಗಂಟು ಹಾಕಿ ಇಟ್ಟುಕೊಂಡಳು. ಇದರಲ್ಲಿ ಮನೆಯವರದೇ ಕೈ ಇದೆ.

“ಮೊದಲ್ನೇದ್ದು ರೊಟ್ಟಿ ಕತಿ ಹಾಕತೇನ್ರಿ,” ಎಂದ ಮಾಸ್ತರ.

“ಅದೊಂದು ಬ್ಯಾಡ,” ಎಂದುಬಿಟ್ಟಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಪಡಸಾಲೆಯ ಕಂಬಕ್ಕೆ ಒರಗಿದ್ದ ಶಟ್ಟೆವ್ವ ಕೋಲೂರಿ ಎದ್ದು ಬಂದಳು. “ಒಳಗ ಬರ್ರಿ ಮಾಸ್ತರ. ಗಂಗಾ ಸತ್ತಿಲ್ಲ, ನಿಮ್ಮ ಮುಂದ ಕುಂತಾಳ.”

“ಯಕ್ಕಾ, ನೀನ ಕರಿಸಿದೇನ?”

“ಹೌದು. ಯಾರೋ ಗಂಗಾನ್ನ ಹುಡಕಾಕ ಹತ್ಯಾರಂತ ಮೊಮ್ಮಗಳು ರಂಜನಾ ಫೋನಿನ್ಯಾಗ ಓದಿ ಹೇಳಿದ್ಲು. ವಿಳಾಸ ನಾನ ಕೊಡಿಸಿದೆ.”

ರಾಚವ್ವನಿಗೆ ಇನ್ನೂ ನಂಬಿಕೆ ಬರಲಿಲ್ಲ. ಇದು ಹಳೆಯ ಸೇಡೇ ಇರಬೇಕು ಅನ್ನಿಸಿತು. “ಆ ಕತಿ ಬ್ಯಾಡಕ್ಕ. ಊರು ಮತ್ತ ನಗತೈತಿ.”

“ಆ ಕತಿ ಇಲ್ಲಂದ್ರ ಪುಸ್ತಕನ ಬ್ಯಾಡ.” ಶಟ್ಟೆವ್ವ ಅವಳ ಮಗ್ಗುಲಲ್ಲೇ ಕುಂತಳು. “ಮನಿ ತುಂಬ ಮಂದಿ ಇದ್ರು. ನನ್ನ ಹಸಿವಿ ಕಂಡಾಕಿ ನೀ ಒಬ್ಬಾಕಿ.”

“ಮತ್ತ ಮಾತು ಯಾಕ ಬಿಟ್ಟಿದ್ದಿ?”

“ಊರು ನಕ್ಕದ್ದಕ್ಕಲ್ಲ, ರಾಚವ್ವಾ. ಕಣ್ಣಾರೆ ಕಂಡು ನೀ ಬರದಿ. ಒಂದು ರೊಟ್ಟಿ ತಂದು ಕೊಡಲಿಲ್ಲ.”

ರಾಚವ್ವ ಮೊರ ಬದಿಗೆ ಸರಿಸಿದಳು. ಎದ್ದು ಒಳಗೆ ಹೋದಳು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಹಾಕಿ ತಾಟು ತಂದಳು. ತನಗೇ ಇರಬೇಕೆಂದು ಮಾಸ್ತರ ಕೈ ಚಾಚಿದ. ರಾಚವ್ವ ಅವನನ್ನು ದಾಟಿ ಹೋಗಿ ತಾಟನ್ನು ಶಟ್ಟೆವ್ವನ ಮುಂದಿಟ್ಟಳು.